ಯಮನವ್ವ, ಹೊಳೆಯಾಚೆ

ನನ್ನ ಸೋದರತ್ತೆ ಹೂವಕ್ಕ ಮದುವೆಯ ದಿನ ಪತ್ತಾರರ ಮನೆಗೆಂದು ಹೊರಟು ಗಾಣಿಗರ ಮನೆ ಸೇರಿದಳು. ಅಲ್ಲಿ ಯಾವುದೋ ಹಬ್ಬಕ್ಕೆ ಹೋಳಿಗೆ ಬೇಯಿಸುತ್ತಿದ್ದರು. ಬಾಸಿಂಗ ಕಟ್ಟಿಕೊಂಡು ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿ ಗಾಣಿಗರ ಹಿರಿಯ ಮಗ ಕೈಯಲ್ಲಿದ್ದ ತುಪ್ಪದ ಮಿಳ್ಳೆಯನ್ನು ಅಲ್ಲೇ ಕೆಳಗಿಟ್ಟನಂತೆ. ಅತ್ತೆ ಒಂದು ಹೋಳಿಗೆ ತಿಂದಳು, ಇನ್ನೊಂದು ತಿಂದಳು, ಆಮೇಲೆ ಅಲ್ಲೇ ಉಳಿದಳು. ಪತ್ತಾರರ ಹುಡುಗ ಸಂಜೆಯವರೆಗೆ ಕಾದು, ತಾನೇ ಮಾಡಿಟ್ಟಿದ್ದ ತಾಳಿಯನ್ನು ಕರಗಿಸಿ ಮೂಗುತಿ ಮಾಡಿ, ಅದನ್ನು ಅತ್ತೆಗೇ ಉಡುಗೊರೆಯಾಗಿ ಕಳಿಸಿದ. ನಮ್ಮ ಊರಿನಲ್ಲಿ ಇಂಥದಕ್ಕೆ ಯಾರೂ ಸಿಟ್ಟು ಮಾಡುವುದಿಲ್ಲ. ಹಣೆಹಲಗೆ ಸರಿಯಿಲ್ಲದ ಮನೆಯ ಹೆಣ್ಣು, ಪಾಪ, ಅವಳಾದರೂ ಏನು ಮಾಡಿಯಾಳು ಎನ್ನುತ್ತಾರೆ.

ಹಣೆಹಲಗೆ ಎಂದರೆ ಬಾಗಿಲ ಮೇಲಿನ ಅಡ್ಡಪಟ್ಟಿ. ನಮ್ಮ ಊರಿನಲ್ಲಿ ಮೊದಲಿನಿಂದ ಇದ್ದವರು ಎಂದು ಯಾರೂ ಇಲ್ಲ, ಎಲ್ಲರೂ ಎಲ್ಲಿಂದಲೋ ಬಂದವರೇ. ಹಾಗಾಗಿ ಪ್ರತಿ ಮನೆಯ ಹಣೆಹಲಗೆಯ ಮೇಲೆ ಆ ಮನೆತನದಿಂದ ಮೊದಲು ಬಂದು ನೆಲೆಸಿದ ಹಿರಿಯರ ಹೆಸರನ್ನೂ ಅವರು ಹುಟ್ಟಿದ ಜಾಗವನ್ನೂ ಕೆತ್ತಿಸಿರುತ್ತಾರೆ. ಜಾಗ ಸ್ಪಷ್ಟವಾಗಿದ್ದರೆ ಮನೆಮಂದಿಯ ಕಾಲು ನೇರ, ಎಲ್ಲಿಗೆ ಹೊರಟರೋ ಅಲ್ಲಿಗೇ ಹೋಗುತ್ತವೆ. ಜಾಗ ಮಸಕಾಗಿದ್ದರೆ ಕಾಲೂ ಅಷ್ಟಕ್ಕಷ್ಟೆ. ಬುಟ್ಟಿ ಹೆಣೆಯುವ ಶಿವಲಿಂಗಪ್ಪನ ಹಲಗೆಯಲ್ಲಿ ಊರಿದೆ, ಓಣಿಯಿಲ್ಲ. ಅವನು ಸರಿಯಾದ ಬೀದಿಗೆ ಹೋಗಿ ತಪ್ಪು ಮನೆಯ ಬಾಗಿಲು ಬಡಿಯುತ್ತಾನೆ. ನಮ್ಮ ಶಾಲೆಯ ಮಾಸ್ತರರ ಹಲಗೆಯಲ್ಲಿ ಬರೀ ದೊಡ್ಡೂರು ಎಂದಿದೆ. ದೊಡ್ಡೂರುಗಳು ದಿಕ್ಕಿಗೊಂದರಂತೆ ಇರುವುದರಿಂದ ಅವರು ಒಂದು ದಿನ ಗಂಡುಮಕ್ಕಳ ಶಾಲೆಗೆ ಹೋದರೆ ಇನ್ನೊಂದು ದಿನ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಾರೆ. ಎರಡೂ ಕಡೆ ಪಾಠ ಅರ್ಧರ್ಧ ಆಗಿದೆ. ಮಕ್ಕಳ ಕಡೆಯಿಂದ ದೂರೇನೂ ಇಲ್ಲ.

ನಮ್ಮ ಮನೆಯ ಹಲಗೆಯಲ್ಲಿ ಇದ್ದದ್ದು ಇಷ್ಟು: ಯಮನವ್ವ, ಹೊಳೆಯಾಚೆ. ಹೊಳೆಯೋ ನಮ್ಮ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಯಾವ ಕಡೆ ಮುಖ ಮಾಡಿ ನಿಂತರೂ ಆಚೆ ಆಚೆಯೇ. ಯಮನವ್ವ ನಮ್ಮಪ್ಪನ ಮುತ್ತಜ್ಜಿ. ಮನೆಯೊಕ್ಕಲಿನ ದಿನ ಕೆತ್ತುವವನು “ಯವ್ವಾ, ನೀ ಹುಟ್ಟಿದ್ದೆಲ್ಲಿ?” ಎಂದು ಕೇಳಿದಾಗ ಆಕೆ ಸೌಟು ಹಿಡಿದ ಕೈಯನ್ನೇ ಬೀಸಿ “ಅಲ್ಲೇ, ಹೊಳಿ ಆಚೆ” ಎಂದಳಂತೆ. ಎಲೆ ಹಾಕಿಯಾಗಿತ್ತು, ಪಾಯಸದ ವಾಸನೆ ಬರುತ್ತಿತ್ತು, ಕೆತ್ತುವವನಿಗೂ ಹೊಟ್ಟೆ ತಾಳ ಹಾಕುತ್ತಿತ್ತು. ಹೇಳಿದ್ದನ್ನು ಹಾಗೇ ಕೆತ್ತಿ ಊಟಕ್ಕೆ ಕುಳಿತ. ಆ ಒಂದು ಊಟಕ್ಕೆ ನಮ್ಮ ಮನೆತನ ತಲೆಮಾರುಗಟ್ಟಲೆ ಅಲೆಯಿತು.

ಅಪ್ಪ ಬಳೆಗಾರ. ಸಂತೆಕಟ್ಟೆಯಲ್ಲಿ ನಮ್ಮದೊಂದು ಅಂಗಡಿ ಇತ್ತು, ಅಪ್ಪನಿಗೆ ಅದನ್ನು ನೋಡುವ ಭಾಗ್ಯ ಎಲ್ಲೋ ಒಮ್ಮೊಮ್ಮೆ. ಬೆಳಿಗ್ಗೆ ಬಳೆಯ ಮಲಾರವನ್ನು ಹೆಗಲಿಗೇರಿಸಿ ಅಂಗಡಿಗೆಂದು ಹೊರಡುತ್ತಿದ್ದ, ಕಾಲು ಎಲ್ಲಿ ನಿಂತವೋ ಅಲ್ಲಿ ಮಲಾರ ಇಳಿಸಿ ಬಳೆ ತೊಡಿಸುತ್ತಿದ್ದ. ಅವ್ವ ಮದುವೆಗೆ ಮುಂಚೆ ನೇರ ಕಾಲಿನ ಹುಡುಗಿ ಎಂದು ಹೆಸರು ಮಾಡಿದವಳು. ನಮ್ಮ ಹೊಸ್ತಿಲು ದಾಟಿ ನಮ್ಮ ಹಲಗೆಯವಳಾದ ಮರುದಿನ ಕೆರೆಗೆ ನೀರಿಗೆ ಹೋದವಳು ತುಂಬಿದ ಕೊಡ ಹೊತ್ತುಕೊಂಡು ದನದ ದವಾಖಾನೆಯಲ್ಲಿ ನಿಂತಿದ್ದಳಂತೆ. “ನಿಮ್ಮಪ್ಪನ ನಗಿ ನೋಡಿ ಒಪ್ಪಿದೆ, ಹಲಗಿ ನೋಡೂದ ಮರ್ತೆ” ಎಂದು ಇವತ್ತಿಗೂ ಹೇಳಿ ತಾನೇ ನಗುತ್ತಾಳೆ. ನಮ್ಮನ್ನು ಮನೆಗೆ ಮುಟ್ಟಿಸಲು ಮಾತ್ರ ಯಾರಾದರೂ ಕೈಹಿಡಿದು ಬರಲೇಬೇಕಿತ್ತು. ಹೀಗೆ ತಪ್ಪಿ ತಪ್ಪಿ ಊರಿನ ಓಣಿ, ಸಂದಿ, ಹಿತ್ತಲು ಎಲ್ಲವೂ ನಮಗೆ ಹೆಸರು ಸಮೇತ ಗೊತ್ತು. ಗೊತ್ತಿದ್ದು ಏನು ಬಂತು, ಗೊತ್ತಿರುವುದು ಕಣ್ಣಿಗೆ. ನಡೆಯಬೇಕಾದ್ದು ಕಾಲು.

ನನ್ನ ಕಾಲು ಬೇರೆಲ್ಲಕ್ಕಿಂತ ಹೆಚ್ಚಾಗಿ ಹೋಗುತ್ತಿದ್ದದ್ದು ಹಗ್ಗದ ಓಣಿಗೆ. ಹೊಳೆಯ ಮೆಟ್ಟಿಲಿಗೆ ಹತ್ತಿದ ಉದ್ದನೆಯ ಓಣಿ ಅದು. ಒಂದು ತುದಿಯಲ್ಲಿ ರಾಚವ್ವ ಕುಳಿತು ರಾಟೆ ತಿರುಗಿಸುತ್ತಾಳೆ, ಅವಳ ಮಗ ಗದಿಗೆಪ್ಪ ಪುಂಡಿನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಬೆರಳಲ್ಲಿ ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಾನೆ. ಹುರಿ ಹೊಸೆಯುವವರು ನಡೆಯುವುದೇ ಹಾಗೆ. ಮೊದಲ ಸಲ ನಾನು ಜೋಳದ ಬುಟ್ಟಿ ಹೊತ್ತು ಗಿರಣಿಗೆಂದು ಹೊರಟವಳು ಆ ಓಣಿಗೆ ಬಂದೆ, ಅವನು ಬೆನ್ನು ಮುಂದಾಗಿ ಬಂದು ನನಗೆ ಡಿಕ್ಕಿ ಹೊಡೆದ. ಬುಟ್ಟಿ ಮಗುಚಿ ಬಿತ್ತು.

“ಹಿಂದ ಯಾರದಾರ ಅಂತ ನೋಡಬಾರದೇನ್ರಿ?” ಎಂದು ರೇಗಿದೆ.

“ನನಗ ಹಿಂದ ಕಣ್ಣಿಲ್ಲ. ನಿಮಗ ಮುಂದ ಅದಾವಲ್ಲ,” ಎಂದ ಅವನು, ನಾರು ಬಿಡದೆ.

ಜೋಳ ಆರಿಸುತ್ತ ಕೂರುವಷ್ಟರಲ್ಲಿ ರಾಚವ್ವ ಚಹಾ ತಂದಳು. ಮರುವಾರ ಕಾಯಿಪಲ್ಲೆಗೆ ಹೊರಟವಳು ಅಲ್ಲಿಗೇ ಬಂದೆ, ಅದರ ಮುಂದಿನ ಸಲ ದರ್ಜಿಯ ಮನೆಗೆ ಹೊರಟವಳೂ ಅಲ್ಲಿಗೇ. ಚಹಾ ಮಾತಾಯಿತು, ಮಾತು ನಗುವಾಯಿತು. ಗದಿಗೆಪ್ಪ ಎಂಬ ಹೆಸರಿನವನಿಗಾಗಿ ಕಾಡಿಗೆ ಹಚ್ಚಿಕೊಳ್ಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಚ್ಚಿಕೊಂಡೆ. ಆದರೆ ಕಾಡಿಗೆ ಹಚ್ಚಿಕೊಂಡು, ಅವನನ್ನು ನೋಡಲೆಂದೇ ಮನೆ ಬಿಟ್ಟ ದಿನ ಕಾಲು ನನ್ನನ್ನು ಸುಣ್ಣದ ಭಟ್ಟಿಗೆ ಒಯ್ದವು. ಇನ್ನೊಂದು ದಿನ ಅದೇ ಆಸೆಯಿಂದ ಹೊರಟರೆ ಪೊಲೀಸ್ ಚೌಕಿ. ಫೌಜುದಾರರು ಕುರ್ಚಿ ಕೊಟ್ಟು, ಏನಮ್ಮಾ ಕಳ್ಳತನವಾಗಿದೆಯೇ ಎಂದು ಕೇಳಿದರು. ಆಮೇಲೆ ಬುದ್ಧಿ ಬಂತು. ಅವನನ್ನು ನೋಡಬೇಕೆನಿಸಿದಾಗ ಗಿರಣಿಗೆ ಹೊರಡುತ್ತಿದ್ದೆ, ಮನಸ್ಸಿನಲ್ಲಿ ಗಿರಣಿ ಗಿರಣಿ ಎಂದು ಜಪ ಮಾಡುತ್ತ.

ನಮ್ಮ ಊರಿನಲ್ಲಿ ಮದುವೆಯ ಕಟ್ಟಳೆ ಒಂದೇ. ಹೆಣ್ಣು ತನ್ನ ಮನೆಯಿಂದ ಗಂಡಿನ ಮನೆಗೆ ಒಬ್ಬಳೇ ನಡೆದು ಹೋಗಬೇಕು. ಯಾರೂ ಜೊತೆ ಬರಬಾರದು, ದಾರಿ ತೋರಿಸಬಾರದು. ಒಪ್ಪಿದ್ದೀಯಾ ಎಂದು ಅವಳನ್ನು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ನಡೆದು ಬಂದಳೆಂದರೆ ಒಪ್ಪಿದಳು. ಮಾತುಕತೆಗೆ ಕುಳಿತ ದಿನ ಅಪ್ಪ ತನ್ನ ಜಾಣತನವನ್ನೆಲ್ಲ ಖರ್ಚು ಮಾಡಿದ. “ಅಕ್ಕಾರ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ಮದುವಿ ದಿನ ಇಕಿನ್ನ ಗಿರಣಿಗೆ ಅಂತ ಹೊರಡಸ್ತೀವಿ. ಸೀದಾ ನಿಮ್ಮ ಬಾಗಲಿಗೆ ಬರ್ತಾಳ.”

ರಾಚವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದಳು. ಅವರ ಮನೆಯ ಹಲಗೆ ಊರಿಗೇ ಉದ್ದನೆಯದು: ಬಾಳವ್ವ, ಕರಿಗುಡ್ಡದ ಪಡುವಲು, ಹಾಲಹಳ್ಳದ ದಂಡೆ, ಮುಳ್ಳೊಡ್ಡು ಊರು, ಮೇಗಣ ಓಣಿ, ಸೇದುವ ಬಾವಿಯ ಎದುರಿನ ಮನೆ, ನಡುಕೋಣೆ. ಕೋಣೆಯನ್ನೂ ಬಿಡದೆ ಬರೆಸಿದ ಮನೆತನ. ಆ ಮನೆಯವರು ಕಣ್ಣು ಮುಚ್ಚಿ ಹೊರಟರೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತಾರೆ.

“ಯಜಮಾನ್ರ, ನನ್ನ ಮಗ ಏನು ಗಿರಣಿ ಏನ್ರಿ?” ಎಂದಳು. “ಮತ್ತೆಲ್ಲಿಗೋ ಹೊಂಟು ನಮ್ಮನಿಗೆ ಬಂದ್ರ ಅದು ಬರೂದಲ್ಲ, ಜಾರಿ ಬೀಳೂದು. ನಾಳೆ ಇನ್ನೊಂದು ಕಡೆ ಜಾರಿ ಬಿದ್ರ? ನಮ್ಮನಿಗೆ ಅಂತ ಹೊಂಟು ನಮ್ಮನಿಗೆ ಬರ್ಲಿ. ಆ ದಿನ ನಾನ ಆರತಿ ಹಿಡಕೊಂಡು ನಿಂದರ್ತೀನಿ.” ನನ್ನ ಮುಖ ಬಾಡಿದ್ದು ಕಂಡು ದನಿ ಇಳಿಸಿದಳು. “ಕಸ್ತೂರಿ, ನನಗೂ ನೀ ಬೇಕವ್ವಾ. ಆದ್ರ ಬನ್ನಿ ಹಬ್ಬ ಆದ ಮ್ಯಾಲೆ ತನ್ನ ಮಗಳನ್ನ ತಂದುಕೊಳ್ಳಬೇಕಂತ ನನ್ನ ತಮ್ಮ ಗಂಟು ಬಿದ್ದಾನ. ಅದರೊಳಗ ನಿಮ್ಮ ಹಲಗಿ ಸರಿ ಮಾಡಿಸಿಕೋರಿ.”

ಸರಿ ಮಾಡಿಸಿಕೊಳ್ಳುವುದು ಎಂದರೆ ಯಮನವ್ವ ಹುಟ್ಟಿದ ಜಾಗವನ್ನು ಪತ್ತೆ ಮಾಡುವುದು. ಪಕ್ಕದ ಮನೆಯವರು ಸುಲಭದ ದಾರಿ ಹೇಳಿದರು, ಯಾವುದಾದರೂ ಒಂದು ಒಳ್ಳೆ ಊರಿನ ಹೆಸರು ಕೆತ್ತಿಸಿಬಿಡಿ ಎಂದು. ನಮ್ಮಜ್ಜ ಆ ಕೆಲಸವನ್ನೂ ಒಮ್ಮೆ ಮಾಡಿ ನೋಡಿದ್ದನಂತೆ. ಕೇಳಲು ಚೆನ್ನಾಗಿದೆ ಎಂದು ಯಾವುದೋ ಊರು ಬರೆಸಿದ. ಮನೆಮಂದಿಯೆಲ್ಲ ಹೊಸ್ತಿಲು ದಾಟಿ ದೀಪದ ಕಂಬದ ಸುತ್ತ ಗಿರಕಿ ಹೊಡೆಯತೊಡಗಿದರು. ಬಡಿಗ ಓಡಿಬಂದು ಹೆಸರನ್ನು ಹೆರೆದು ಹಾಕುವವರೆಗೆ ಅಜ್ಜಿ ತಲೆಯ ಮೇಲೆ ಬುತ್ತಿ ಹೊತ್ತುಕೊಂಡು ಕಂಬ ಸುತ್ತುತ್ತಲೇ ಇದ್ದಳು. ಮಸಕು ಹೆಸರನ್ನಾದರೂ ಕಾಲು ಸಹಿಸುತ್ತವೆ, ಸುಳ್ಳನ್ನು ಸಹಿಸುವುದಿಲ್ಲ.

ಯಮನವ್ವನನ್ನು ಕಂಡವರು ಯಾರೂ ಉಳಿದಿರಲಿಲ್ಲ. ಕೇಳಿದವರೆಲ್ಲ ಸೌಟಿನ ಕಥೆಯನ್ನೇ ಹೇಳಿ ನಗಿಸಿ ಕಳಿಸುತ್ತಿದ್ದರು. ಸೌಟು ಯಾವ ದಿಕ್ಕಿಗೆ ಬೀಸಿದಳು ಎಂದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ಮಾಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಒಡೆದ ಬಳೆಗಳನ್ನು ಬುಟ್ಟಿಗೆ ತುಂಬುತ್ತ ಕುಳಿತಿದ್ದೆ. ಬಳೆಗಾರರ ಮನೆಯಲ್ಲಿ ಚೂರುಗಳಿಗೆ ಬರವಿಲ್ಲ. ಅಪ್ಪ ಆಗಷ್ಟೇ ಅಗಸರ ಕಟ್ಟೆಯಿಂದ ಯಾರದೋ ಕೈಹಿಡಿದು ಬಂದು ಕುಳಿತಿದ್ದ. “ಇವತ್ತೂ ಅಗಸರ ಕಟ್ಟಿನಾ?” ಎಂದೆ. “ಇವತ್ತೂ ಅಗಸರ ಕಟ್ಟಿನಽ,” ಎಂದ. ನನಗೆ ಏನೋ ಹೊಳೆಯಿತು. ರಂಗೋಲಿ ತಂದು ನೆಲದ ಮೇಲೆ ಊರನ್ನು ಬರೆದೆ, ಸುತ್ತ ಹೊಳೆ ಬರೆದೆ. ಅಪ್ಪ ತಪ್ಪಿ ಹೋದಲ್ಲೆಲ್ಲ ಕೆಂಪು ಚೂರು, ಅವ್ವ ಹೋದಲ್ಲಿ ಹಸಿರು, ನಾನು ಹೋದಲ್ಲಿ ಹಳದಿ. ನೆನಪಾದದ್ದನ್ನೆಲ್ಲ ಇಡುತ್ತ ಹೋದೆವು. ಇಟ್ಟು ಮುಗಿಸಿ ಎದ್ದು ನಿಂತು ನೋಡಿದರೆ ಚೂರುಗಳು ಊರ ತುಂಬ ಹರಡಿರಲೇ ಇಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲವೂ ಬಡಗಣ ಹೊಳೆಯ ದಂಡೆಯಲ್ಲಿ, ಅಗಸರ ಕಟ್ಟೆ, ಹರಿಗೋಲಿನ ಕಟ್ಟೆ, ಹಗ್ಗದ ಓಣಿ, ಇಷ್ಟರಲ್ಲೇ ಗುಡ್ಡೆ ಬಿದ್ದಿದ್ದವು.

“ಅಪ್ಪಾ, ನಮ್ಮ ಕಾಲು ದಾರಿ ತಪ್ಪಿಲ್ಲ,” ಎಂದೆ. “ಹುಡಕಾಕತ್ತಾವ. ಆಚೆ ಅಂದ್ರ ಯಾವ ಆಚೆ ಅಂತ ಅವಕ್ಕ ಗೊತ್ತೈತಿ. ನೀರು ಅಡ್ಡ ಬಂದು ನಿಲ್ಲಾಕತ್ತಾವ.”

ಅಪ್ಪ ತನ್ನ ಪಾದಗಳನ್ನು ಮೊದಲ ಸಲ ನೋಡುವವನಂತೆ ನೋಡಿ, ಬಗ್ಗಿ ಅವುಗಳ ಧೂಳು ಒರೆಸಿದ. ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಲೇ ಅತ್ತಳು. ಮೂವರೂ ಊಟ ಮರೆತು ಕುಣಿದಾಡಿದೆವು. ಆ ಸಡಗರದಲ್ಲಿ ನಾನು ಹಳದಿ ಚೂರುಗಳ ಕಡೆ ಇನ್ನೊಮ್ಮೆ ನೋಡಬಾರದಿತ್ತು. ನೋಡಿದೆ. ಹಗ್ಗದ ಓಣಿ ಹೊಳೆಯ ದಾರಿಯಲ್ಲಿದೆ, ಅಷ್ಟಕ್ಕೇ ನನ್ನ ಕಾಲು ಅಲ್ಲಿಗೆ ಹೋಗುತ್ತಿದ್ದವು.

ಇದನ್ನು ಗದಿಗೆಪ್ಪನಿಂದ ಮುಚ್ಚಿಡಲು ನನಗೆ ಆಗಲಿಲ್ಲ. ಗಿರಣಿಗೆಂದು ಹೊರಟು ಅವನಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವನ ನಡಿಗೆ ನಿಂತಿತು. ಹುರಿ ಸಡಿಲಾಗಿ ತನ್ನಷ್ಟಕ್ಕೆ ಸುತ್ತಿಕೊಂಡಿತು. “ಅಂದ್ರ ನೀ ಹೊಳಿಗೆ ಹೊಂಟಿದ್ದಿ. ನಡುವ ನಾ ಸಿಕ್ಕೆ,” ಎಂದ.

“ಕಾಲು ಹೊಳಿಗೆ ಹೊಂಟಿದ್ದೂ. ಚಹಾ ಕುಡಿಯಾಕ ಕುಂತಾಕಿ ನಾ.”

ಅವನು ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. “ಹಲಗಿ ಸರಿ ಆದ ಮ್ಯಾಲೆ ಕಾಲು ನಿನ್ನನ್ನ ಇಲ್ಲಿಗೆ ಎಳಕೊಂಡು ಬರೂದಿಲ್ಲಲ್ಲ?”

“ಇಲ್ಲ,” ಎಂದೆ. ನನಗೆ ಭಯವಾಯಿತು. ಅಷ್ಟು ದಿನ ನನ್ನನ್ನು ಅವನ ಬಳಿಗೆ ತಂದದ್ದು ನನ್ನ ಪ್ರೀತಿಯೋ ಯಮನವ್ವನ ಸೌಟೋ ಎಂಬುದು ನನಗೇ ತಿಳಿಯದಾಗಿತ್ತು.

ಮರುದಿನವೇ ನಾವು ಮೂವರೂ ಹರಿಗೋಲು ಹತ್ತಿ ಬಡಗಣ ದಂಡೆಗೆ ದಾಟಿದೆವು. ನೆಲ ತಾಕಿದ್ದೇ ತಡ, ಕಾಲು ಹೊರಟವು ನೋಡಿ! ಅಪ್ಪನ ಪಂಚೆ ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು, ಅವ್ವ “ಸಾವಕಾಶ, ಸಾವಕಾಶ” ಎಂದು ತನ್ನ ಕಾಲಿಗೇ ಬೈಯುತ್ತ ಓಡಿದಳು. ಜಾಲಿಕೊಪ್ಪ ಎಂಬ ಹಳ್ಳಿ ಬಂತು. ಇದೇ ಇರಬೇಕು ಎಂದುಕೊಂಡರೆ ಕಾಲು ಊರಬಾಗಿಲ ಅಗಸೆಯ ಕಡೆ ತಿರುಗಿಯೂ ನೋಡಲಿಲ್ಲ, ಬಂಡಿದಾರಿ ಹಿಡಿದು ಮುಂದೆ ನಡೆದವು. ದೂರದಲ್ಲಿ ಮಸಬಿನಹಾಳ ಕಾಣುತ್ತಿತ್ತು, ಅದನ್ನಾದರೂ ಮುಟ್ಟುತ್ತೇವೆಂದುಕೊಂಡರೆ ಅಲ್ಲಿಗೂ ಹೋಗಲಿಲ್ಲ. ನಡುದಾರಿಯಲ್ಲಿ, ಜೋಳದ ಹೊಲಗಳ ನಡುವೆ ದಾರಿ ಬಳುಕುವ ಒಂದು ಕಡೆ, ಮೂವರ ಕಾಲೂ ಒಟ್ಟಿಗೆ ನಿಂತವು. ಹುಟ್ಟಿದಾರಭ್ಯ ನನ್ನ ಕಾಲು ಹಾಗೆ ನಿಂತಿರಲಿಲ್ಲ. ಅವಕ್ಕೆ ಇನ್ನೆಲ್ಲಿಗೂ ಹೋಗುವ ಅವಸರವಿರಲಿಲ್ಲ.

ಸುತ್ತ ನೋಡಿದರೆ ಏನೂ ಇಲ್ಲ. ಮನೆಯಿಲ್ಲ, ಪಾಳು ಗೋಡೆಯಿಲ್ಲ, ಗುಡಿಯಿಲ್ಲ. ಬಂಡಿಯ ಗಾಲಿಯ ಜಾಡು, ಅದರಲ್ಲಿ ಕೆದರುತ್ತಿದ್ದ ಒಂದೆರಡು ಗುಬ್ಬಿ. “ಇಲ್ಲೆಂಥಾ ಹುಟ್ಟೂದು?” ಎಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಅಷ್ಟರಲ್ಲಿ ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತ ಹೆಂಗಸೊಬ್ಬಳು ಹೊಲದ ಕಡೆಯಿಂದ ಬಂದು ನಿಂತಳು. “ಯಾರ್ರೀ ನೀವು? ಕೂಸಿನ ತಿರುವಿನಾಗ ಯಾಕ ಕುಂತೀರಿ?”

ನಾನು ಆಕೆಯ ಕೈ ಹಿಡಿದುಕೊಂಡೆ. “ಏನಂದ್ರಿ? ಈ ಜಾಗಕ್ಕ ಏನಂತಾರ?”

“ಕೂಸಿನ ತಿರುವು. ನಮ್ಮತ್ತಿಯ ಅತ್ತಿ ಕಾಲದಿಂದ ಹಂಗ ಅಂತಾರ.” ಆಕೆ ಬುಟ್ಟಿ ಇಳಿಸಿ ನಮ್ಮೆದುರು ಕುಳಿತು, ಬೇರೆಯವರ ಮನೆಯ ಸುದ್ದಿ ಹೇಳುವ ಖುಷಿಯಲ್ಲಿ ಕೈ ತಿರುಗಿಸಿದಳು. “ಬಳಿಗಾರರ ಬಂಡಿ ಹೊಂಟಿತ್ತಂತ. ಇಲ್ಲಿಗೆ ಬಂದು ಎತ್ತು ನಿಂತುಬಿಟ್ಟೂ. ಹೊಡದ್ರೂ ಇಲ್ಲ, ಬಡದ್ರೂ ಇಲ್ಲ. ಒಳಗ ನೋಡಿದ್ರ ಹೆಣಮಗಳಿಗೆ ಬ್ಯಾನಿ! ಜಾಲಿಕೊಪ್ಪದವರು ಬಿಸಿನೀರು ತಂದ್ರಂತ, ಮಸಬಿನಹಾಳದವರು ಹಳೇ ಸೀರಿ ತಂದ್ರಂತ. ಬಂಡ್ಯಾಗ ಹೆಣ್ಣು ಕೂಸು ಹುಟ್ಟಿತು. ಕೂಸು ಅತ್ತ ಮ್ಯಾಲೆ ಎತ್ತು ತಾವಾಗೇ ಹೊಂಟೂ. ಆ ಕೂಸಿಗೆ ಯಾವುದೋ ದೊಡ್ಡ ನದಿ ಹೆಸರು ಇಟ್ಟರಂತ. ಈಗೂ ಎರಡೂ ಊರವರು ನಮ್ಮ ಕೂಸು, ನಮ್ಮ ಕೂಸು ಅಂತ ಜಗಳಾಡ್ತಾರ ನೋಡ್ರಿ.”

ಆ ನದಿಯ ಹೆಸರೇ ನಮ್ಮವರ ಬಾಯಲ್ಲಿ ಸವೆದು ಯಮನವ್ವ ಆಗಿತ್ತು. ಅಪ್ಪ ಆ ಬಂಡಿಜಾಡಿನಲ್ಲೇ ಉದ್ದಕ್ಕೆ ಮಲಗಿಬಿಟ್ಟ. ಮಲಗಿಕೊಂಡು ಆಕಾಶ ನೋಡುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಅವ್ವ ತನ್ನ ಕೈಯ ಬಳೆಗಳನ್ನೇ ತೆಗೆದು ಆ ಹೆಂಗಸಿನ ಕೈಗೆ ತೊಡಿಸಿದಳು. ನನಗೆ ಮಾತ್ರ ಯಮನವ್ವನ ಮೇಲೆ ಇದ್ದ ಸಿಟ್ಟೆಲ್ಲ ಕರಗಿ ಕಣ್ಣು ತುಂಬಿ ಬಂತು. ಪಾಪ, ಆಕೆ ಹುಟ್ಟಿದಾಗ ಆ ಜಾಗಕ್ಕೆ ಹೆಸರೇ ಇರಲಿಲ್ಲ. ಹೆಸರು ಬಂದದ್ದು ಆಕೆಯಿಂದ, ಅದೂ ಆಕೆ ಬಂಡಿಯಲ್ಲಿ ಹೊರಟುಹೋದ ಮೇಲೆ. ಹೊಳೆಯಾಚೆ ಎನ್ನದೆ ಇನ್ನೇನು ಹೇಳಿಯಾಳು?

ಬಡಿಗೇರ ಮೌನೇಶಪ್ಪ ಉಳಿ ಸಾಣೆ ಹಿಡಿದು ಬಂದು “ಕೂಸಿನ ತಿರುವು ಅಂತ ಹಾಕಿಬಿಡ್ತೀನಿ, ಮುಗೀತಲ್ಲ?” ಎಂದ. ನಾನು ಏಣಿಗೆ ಅಡ್ಡ ನಿಂತೆ. ಕೂಸುಗಳೂ ತಿರುವುಗಳೂ ಲೋಕದಲ್ಲಿ ಎಷ್ಟಿಲ್ಲ? ಯಾವ ದಂಡೆ, ಯಾವ ಯಾವ ಊರಿನ ನಡುವೆ, ಈಗ ಏನೆನ್ನುತ್ತಾರೆ, ಆಗ ಏನೆನ್ನುತ್ತಿದ್ದರು, ಎಲ್ಲ ಬರಬೇಕು ಎಂದೆ. ಅವನು ಮೂಗಿನ ಮೇಲೆ ಬೆರಳಿಟ್ಟ. “ಅಷ್ಟು ಬರದ್ರ ಪಕ್ಕದ ಮನಿ ಹಣಿ ಮ್ಯಾಲೆ ಹೋಗ್ತೈತಿ, ಯವ್ವಾ.” ಹಲಗೆಯಲ್ಲಿ ಹಿಡಿಸದಿದ್ದರೆ ಚೌಕಟ್ಟಿನ ಮೇಲೆ ಇಳಿಸು ಎಂದೆ. ಗೊಣಗುತ್ತಲೇ ಕೆತ್ತಿದ: ಯಮನವ್ವ, ಹೊಳೆಯಾಚೆ, ಬಡಗಣ ದಂಡೆ, ಜಾಲಿಕೊಪ್ಪಕ್ಕೂ ಮಸಬಿನಹಾಳಕ್ಕೂ ನಡುವಿನ ಬಂಡಿದಾರಿ, ಆಗ ಹೆಸರಿಲ್ಲದ, ಈಗ ಕೂಸಿನ ತಿರುವು ಎನ್ನುವ ಜಾಗ, ಬಳೆಗಾರರ ಬಂಡಿಯೊಳಗೆ. ಹಳೆಯ ಹೊಳೆಯಾಚೆಯನ್ನು ನಾನು ಅಳಿಸಗೊಡಲಿಲ್ಲ, ಅದು ಆಕೆಯ ಬಾಯಿಂದ ಬಂದ ಮಾತು. ಊಟದ ಎಲೆ ಹಾಕಿದ್ದು ಕೊನೆಯ ಅಕ್ಷರ ಮುಗಿದ ಮೇಲೆಯೇ.

ಮರುದಿನ ಅಪ್ಪ ಅಂಗಡಿಗೆಂದು ಹೊರಟು ಅಂಗಡಿಗೇ ಹೋದ. ಬೀಗಕ್ಕೆ ತುಕ್ಕು ಹಿಡಿದಿತ್ತು. ಬಾಗಿಲು ತೆಗೆದು, ಮಲಾರ ಹರವಿ, ಕೈಕಟ್ಟಿ ಕುಳಿತ. ಒಬ್ಬರೂ ಬರಲಿಲ್ಲ. ಬಳೆಗಾರ ತಪ್ಪಿ ನಮ್ಮ ಓಣಿಗೇ ಬರುತ್ತಾನೆಂದು ಊರಿನ ಹೆಂಗಸರೆಲ್ಲ ತಂತಮ್ಮ ಬಾಗಿಲಲ್ಲಿ ಕಾಯುತ್ತಿದ್ದರು. ಮಧ್ಯಾಹ್ನಕ್ಕೆ ಅಪ್ಪ ಅಂಗಡಿಗೆ ಮತ್ತೆ ಬೀಗ ಜಡಿದು ಓಣಿ ಓಣಿ ತಿರುಗಲು ಹೊರಟ. ಬರುವಾಗ ಯಾರ ಕೈಯನ್ನೂ ಹಿಡಿದಿರಲಿಲ್ಲ.

ಬನ್ನಿ ಹಬ್ಬಕ್ಕೆ ಮುಂಚೆ ಮದುವೆ ನಿಶ್ಚಯವಾಯಿತು. ಬಾಸಿಂಗ ಕಟ್ಟಿಕೊಂಡು ಒಬ್ಬಳೇ ಬೀದಿಗಿಳಿದೆ. ಅವ್ವ ಬಾಗಿಲಲ್ಲೇ ನಿಂತು, ನೀ ಹೋಗಿ ಮುಟ್ಟಿದ ಸುದ್ದಿ ಬರೂತನಕ ನೀರೂ ಕುಡಿಯುವುದಿಲ್ಲ ಎಂದಳು. ಇಕ್ಕೆಲದ ಕಟ್ಟೆಗಳ ಮೇಲೆ ಜನ ಕುಳಿತು ನೋಡುತ್ತಿದ್ದರು, ಆದರೆ ಯಾರೂ ಬೆರಳು ತೋರಿಸಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ನಾಲ್ಕು ದಾರಿ ಕೂಡುವಲ್ಲಿ ನಿಂತೆ. ನನ್ನ ಕಾಲೂ ನಿಂತವು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ, ಹೊಳೆಯ ಕಡೆಗಂತೂ ಒಂದು ಬೆರಳೂ ಮಿಸುಕಲಿಲ್ಲ. ಎಲ್ಲಿಗೆ ಹೋಗಲಿ ಎಂದು ನನ್ನನ್ನೇ ಕೇಳುತ್ತಿದ್ದವು. ಯಾವ ಕಡೆ ಹೇಳಿದರೂ ಹೋಗುತ್ತಿದ್ದವು. ಆ ಸಂತೋಷವನ್ನು ನೇರ ಕಾಲಿನವರಿಗೆ ಹೇಗೆ ಹೇಳಿ ತಿಳಿಸಲಿ!

ಹಾಗೆ ನಿಂತಾಗ ಹೂವಕ್ಕತ್ತೆಯ ನೆನಪಾಯಿತು. ಒಂದೇ ಊರಿನಲ್ಲಿದ್ದೂ ನಾನು ಅವಳ ಮನೆಗೆಂದು ಹೊರಟು ಒಮ್ಮೆಯೂ ಮುಟ್ಟಿದವಳಲ್ಲ. ಮದುಮಗಳು ನಡುವೆ ಎಲ್ಲೂ ನಿಲ್ಲಬಾರದು ಎಂದು ಕಟ್ಟಳೆಯಲ್ಲಿ ಇಲ್ಲವಲ್ಲ. ಗಾಣದ ಓಣಿಗೆ ತಿರುಗಿದೆ. ನನ್ನನ್ನು ಬಾಗಿಲಲ್ಲಿ ಕಂಡ ಅತ್ತೆ ಎದೆ ಎದೆ ಬಡಿದುಕೊಂಡಳು. “ಅಯ್ಯ ನನ್ನ ಶಿವನ, ನೀನೂ ನನ್ನಂಗ ಮಾಡಿದಿ? ಇಲ್ಲಿ ಲಗ್ನಕ್ಕ ಬಂದ ಗಂಡು ಯಾರೂ ಇಲ್ಲವ್ವಾ!”

“ನಿನ್ನನ್ನ ನೋಡಾಕ ಬಂದೆ, ಅತ್ತಿ. ಬೇಕಂತ ಬಂದೆ.”

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನನ್ನು ಬಿಡಲೇ ಇಲ್ಲ. ಎಳ್ಳುಂಡೆ ತಿನ್ನಿಸಿದಳು, ಮುಡಿಗೆ ಎಣ್ಣೆ ಸವರಿದಳು, ಬಾಸಿಂಗ ಸರಿಮಾಡಿದಳು, ಅಪ್ಪನ ಚಿಕ್ಕಂದಿನ ತುಂಟತನವನ್ನೆಲ್ಲ ಹೇಳಿದಳು. ಹೊರಗೆ ಬಂದಾಗ ನೆರಳು ಉದ್ದವಾಗಿತ್ತು. ಹತ್ತಿರದ ದಾರಿ ಎಂದು ಸುಣ್ಣಗಾರರ ಹಿತ್ತಲ ಸಂದಿಗೆ ನುಗ್ಗಿದೆ.

ಸಂದಿಯ ನಡುವೆ ರಾಚವ್ವ ನಿಂತಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ, ಅಂಗೈಯಲ್ಲಿ ಅರಿಸಿನ ಹಾಗೇ ಇದೆ, ಸೆರಗು ನೆಲದ ಮೇಲೆ ಎಳೆದಾಡುತ್ತಿದೆ. ನನ್ನನ್ನು ನೋಡಿ ಗೋಡೆ ಹಿಡಿದುಕೊಂಡಳು. “ಎಲ್ಲಿ ಹೋಗಿದ್ದೀ? ಮುಂಜಾನೆ ಹೊಂಟಾಳ ಅಂದ್ರು, ಬರ್ಲೇ ಇಲ್ಲ. ಹಲಗಿ ಮತ್ತ ತಪ್ಪಾತೇನೋ, ಹೊಳಿಗೇನರ ಇಳದೀಯೇನೋ ಅಂತ ನನ್ನ ಜೀವ ಬಾಯಿಗೆ ಬಂತು.”

“ತಪ್ಪಿಲ್ರಿ. ನಮ್ಮತ್ತಿ ಮನಿಗೆ ಹೋಗಿದ್ದೆ.”

“ಬೇಕಂತ?”

“ಬೇಕಂತ.”

ಹೊಡೆಯಲು ಎತ್ತಿದ ಕೈಯನ್ನು ನನ್ನ ಕೆನ್ನೆಯ ಮೇಲೆ ಇಟ್ಟಳು. ಅರಿಸಿನ ಮೆತ್ತಿತು. “ನಿನ್ನನ್ನ ಹುಡುಕಬೇಕಂತ ಹೊಂಟೆ. ನೀ ಎಲ್ಲಿದ್ದಿ ಅಂತ ನನ್ನ ಕಾಲಿಗೆ ಗೊತ್ತಿರಲಿಲ್ಲ. ಎತ್ತ ಹೋಗಬೇಕು ತಿಳೀವಲ್ದು, ಕಂಡ ಕಂಡ ಓಣಿ ಹೊಕ್ಕು ಇಲ್ಲಿಗೆ ಬಂದು ನಿಂತೆ. ಹಿಂಗ ಆಗೂದು ನಿಮಗೆಲ್ಲ ದಿನಾ?” ಎಂದಳು. ಆಮೇಲೆ ಸುತ್ತ ನೋಡಿದಳು. ಹುಟ್ಟಿದ ಊರಿನಲ್ಲೇ ಅವಳು ಆ ಸಂದಿಗೆ ಕಾಲಿಟ್ಟಿರಲಿಲ್ಲ. ನೇರ ಕಾಲಿನವರಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ. “ಇದ್ಯಾವ ಓಣಿ?”

“ಸುಣ್ಣಗಾರರ ಹಿತ್ತಲ ಸಂದಿರಿ. ಮೂಡಲಕ್ಕ ಗಾಣದ ಓಣಿ, ಪಡುವಲಕ್ಕ ಅಗಸರ ಕಟ್ಟಿ. ಮುಂದ ಹೋಗಿ ಎಡಕ್ಕ ಹೊಳ್ಳಿದ್ರ ಹಗ್ಗದ ಓಣಿ, ಮಧ್ಯದ ಮನಿ.”

“ಹಂಗಾದ್ರ ನಡಿ, ನೀ ಮುಂದ ಆಗು.”

“ಕೂಡ ಯಾರೂ ಇರಬಾರದಲ್ರಿ?” ಎಂದೆ. “ದಾರಿ ತೋರಿಸಿದ್ರು ಅಂತಾರ.”

“ನಾ ಏನು ತೋರಸ್ಲಿ?” ಎಂದು ರಾಚವ್ವ ಒಮ್ಮೆಗೇ ನಕ್ಕಳು. “ದಾರಿ ನನ್ನ ಕಾಲಿಗೆ ಗೊತ್ತಿದ್ದೀತು, ನನಗೆಲ್ಲಿ ಗೊತ್ತೈತಿ?”

ನಾನು ಮುಂದೆ ನಡೆದೆ. ನನ್ನ ಸೆರಗಿನ ತುದಿ ಹಿಡಿದುಕೊಂಡು ಅವಳು ಹಿಂದೆ ಬಂದಳು. ಹಗ್ಗದ ಓಣಿಯ ಜನ ಕಣ್ಣು ಕಣ್ಣು ಬಿಟ್ಟುಕೊಂಡು ದಾರಿ ಬಿಟ್ಟರು. ಗದಿಗೆಪ್ಪ ಬಾಗಿಲಲ್ಲಿ ಬೆಳ್ಳಗಾಗಿ ನಿಂತಿದ್ದ. ನನ್ನನ್ನು ನೋಡಿದ, ನನ್ನ ಹಿಂದಿದ್ದ ತಾಯಿಯನ್ನು ನೋಡಿದ. ಮೊದಲು ಕೇಳಿದ್ದು ತಾಯಿಯನ್ನೇ. “ಎವ್ವಾ, ಆರತಿ ಇಲ್ಲೇ ಇಟ್ಟು ಎಲ್ಲಿ ಹೋಗಿದ್ದಿ?”

“ದಾರಿ ತಪ್ಪಿದ್ನೋ, ಯಪ್ಪಾ,” ಎಂದಳು ರಾಚವ್ವ, ನನ್ನ ಸೆರಗು ಬಿಡದೆ. “ಸೊಸಿ ಕರಕೊಂಡು ಬಂದ್ಲು.”